ಕಿವಿಗೆ ಒಂದೇ, ಕಣ್ಣಿಗೆ ಎರಡು

(ಬಸವಕಲ್ಯಾಣದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಒಂದೇ ತರಹ ಕೇಳಿಸುವ ಇಂಗ್ಲಿಷ್ ಮಾತುಗಳ ಫರಕ್ ತಿಳಿಸಿರಿ ಎಂದು ನನ್ನನ್ನು ಕರೆದಿದ್ದೀರಿ. ಅಡತಿ ಅಂಗಡಿಯಿಂದ ಶುರು ಮಾಡುತ್ತೇನೆ. ನಮ್ಮದು ಬೇಳೆಕಾಳಿನ ಜಿಲ್ಲೆ. ತೊಗರಿ, ಉದ್ದು, ಹೆಸರು, ಕಡಲೆ ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಒಂದೇ ಮನೆತನದ ಹೆಸರು: ರೆಡ್ ಗ್ರಾಮ್, ಬ್ಲ್ಯಾಕ್ ಗ್ರಾಮ್, ಗ್ರೀನ್ ಗ್ರಾಮ್, ಬೆಂಗಾಲ್ ಗ್ರಾಮ್. ಅದನ್ನು ತೂಗುವ ಕಲ್ಲಿನ ಮೇಲೂ ಗ್ರಾಮ್ ಎಂದೇ ಇದೆ. ದನಿಯೂ ಒಂದೇ, ಇಂಗ್ಲಿಷ್ ಅಕ್ಷರಗಳೂ ಅವೇ. ಆದರೆ ಇವೆರಡಕ್ಕೂ ರಕ್ತಸಂಬಂಧವಿಲ್ಲ. ಕಾಳಿನ ಗ್ರಾಮ್ ಪೋರ್ಚುಗೀಸರಿಂದ ಬಂತು. ಧಾನ್ಯಕ್ಕೆ ಅವರು ಹೇಳುತ್ತಿದ್ದ ಮಾತು ಅದು, ಇಂಗ್ಲಿಷಿನ ಗ್ರೇನ್ ಅದರ ದಾಯಾದಿ. ತೂಕದ ಗ್ರಾಮ್ ಗ್ರೀಕಿನಿಂದ ಹೊರಟು, ಫ್ರಾನ್ಸ್ ದಾಟಿ ಬಂತು. ಗ್ರೀಕಿನಲ್ಲಿ ಆ ಮಾತಿಗೆ ಅಕ್ಷರ, ಬರಹ ಎಂಬ ಅರ್ಥವಿತ್ತು. ಹಾಗಾಗಿ ತೂಕದ ಗ್ರಾಮಿನ ಒಡಹುಟ್ಟು ತೊಗರಿಯಲ್ಲ, ಶಾಲೆಯ ಗ್ರಾಮರ್! ಇವೆರಡರ ಪಕ್ಕದಲ್ಲೇ ಸಂಸ್ಕೃತದ ಗ್ರಾಮ ಪಂಚಾಯತಿ ಬೇರೆ ಕೂತಿದೆ. ಇಷ್ಟಾದರೂ ಅರ್ಧ ಕಿಲೋ ತೊಗರಿ ಬೇಳೆ ಕೊಳ್ಳಲು ಹೋದ ಯಾರೂ ಗೊಂದಲಕ್ಕೆ ಬಿದ್ದದ್ದಿಲ್ಲ. ಹಿಂದೆ ಅಂಕಿ ಬಂದರೆ ತೂಕ, ಬಣ್ಣ ಬಂದರೆ ಕಾಳು. ಮಾತಿನ ಅರ್ಥವನ್ನು ಅದರ ನೆರೆಯವರು ಹೇಳುತ್ತಾರೆ. ಈ ನೆರೆಯವರನ್ನು ನೆನಪಿಡಿ, ಅವರನ್ನು ಮತ್ತೆ ಕರೆಯಬೇಕಾಗುತ್ತದೆ.

ಗೊಂದಲ ಎಲ್ಲಿ ಹುಟ್ಟುತ್ತದೆ? ನಾವು ಇಂಗ್ಲಿಷ್ ಮಾತನ್ನು ಕಿವಿಯಿಂದ ಎತ್ತಿಕೊಂಡು ಕನ್ನಡ ಅಕ್ಷರದಲ್ಲಿ ಇಟ್ಟುಕೊಳ್ಳುವ ಕಡೆ. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿಯಾಗಿ, ಹುಮನಾಬಾದಿಗೆ ಅದರ ಮೇಲೆ ಒಂದು ನಿಲ್ದಾಣ ಸಿಕ್ಕಿತು. ಅಂದಿನಿಂದ ಅಲ್ಲಿ ಎರಡು ಬರ್ತ್ ಓಡಾಡುತ್ತಿವೆ. ಒಂದು ರೈಲಿನಲ್ಲಿ ಮಲಗುವ ಬರ್ತ್, ಇನ್ನೊಂದು ಪುರಸಭೆಯಲ್ಲಿ ಕೊಡುವ ಬರ್ತ್ ಸರ್ಟಿಫಿಕೇಟಿನ ಬರ್ತ್. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ಇ, ಎರಡನೆಯದಕ್ಕೆ ಐ. ಕನ್ನಡದಲ್ಲಿ ಬರೆದ ಕ್ಷಣಕ್ಕೆ ಆ ಫರಕ್ ಅಳಿಸಿಹೋಗುತ್ತದೆ. ಬಸ್ ನಿಲ್ದಾಣದಲ್ಲೂ ಹೀಗೆಯೇ. ಟಿಕೆಟ್ಟಿನ ಹಣ ಫೇರ್, ಜಾತ್ರೆ ಫೇರ್, ನ್ಯಾಯ ಫೇರ್, ತಿದ್ದಿ ಬರೆದ ಪ್ರತಿ ಫೇರ್, ಮದುವೆ ಜಾಹೀರಾತಿನ ಹುಡುಗಿಯ ಬಣ್ಣವೂ ಫೇರ್. ಇವುಗಳಲ್ಲಿ ಟಿಕೆಟ್ಟಿನ ಹಣಕ್ಕೆ ಮಾತ್ರ ಕೊನೆಗೆ ಎ-ಆರ್-ಇ, ಉಳಿದ ನಾಲ್ಕಕ್ಕೂ ಎ-ಐ-ಆರ್. ವೀರಭದ್ರೇಶ್ವರನ ಜಾತ್ರೆಗೆ ಹೋಗುವವರು ಫೇರ್ ಕೊಟ್ಟು ಫೇರಿಗೆ ಹೋಗುತ್ತಾರೆ; ನಮ್ಮ ಲಿಪಿಗೆ ಎರಡೂ ಒಂದೇ.

ಇದು ನಮ್ಮ ಲಿಪಿಯ ದೋಷ ಎಂದು ತಿಳಿಯಬೇಡಿ. ನುಡಿದಂತೆ ಬರೆಯುವುದು ಅದರ ದೊಡ್ಡ ಗುಣ. ಆದರೆ ಆ ಗುಣಕ್ಕೂ ಒಂದು ಬೆಲೆ ತೆತ್ತಿದ್ದೇವೆ. ಹಳಗನ್ನಡದಲ್ಲಿ ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಆೞ್ ಎಂದರೆ ಮುಳುಗು. ನೀರಿನ ಆಳ ಬಂದದ್ದು ಅಲ್ಲಿಂದ. ಆಳ್ ಎಂದರೆ ರಾಜ್ಯ ಆಳುವುದು, ಮನೆಯ ಆಳೂ ಅದೇ. ಈ ೞ ಎಂಬ ಅಕ್ಷರಕ್ಕೆ ತನ್ನದೇ ದನಿಯಿತ್ತು, ತಮಿಳರ ನಾಲಗೆಯಲ್ಲಿ ಇಂದಿಗೂ ಇದೆ. ನಮ್ಮಲ್ಲಿ ಆ ದನಿ ಸವೆದು ಹೋಯಿತು. ಕ್ರಿ.ಶ. 1260ರ ಸುಮಾರಿಗೆ ಕೇಶಿರಾಜ ಶಬ್ದಮಣಿದರ್ಪಣ ಬರೆಯುವ ಹೊತ್ತಿಗೆ ಯಾವ ಮಾತಿಗೆ ೞ, ಯಾವುದಕ್ಕೆ ಳ ಎಂಬುದನ್ನು ಬರೆಯುವವರಿಗೆ ಪಟ್ಟಿ ಮಾಡಿ ಕೊಡಬೇಕಾಗಿತ್ತು. ಅಂದರೆ ಇಂದು ನಾನು ಮಾಡಲು ಬಂದಿರುವ ಕೆಲಸವನ್ನು ಅವನು ಕನ್ನಡಕ್ಕೆ ಮಾಡಿದ. ಅವನಿಗೂ ಮೊದಲು, ಚಾಲುಕ್ಯ ಜಗದೇಕಮಲ್ಲನ ಕಟಕೋಪಾಧ್ಯಾಯನಾಗಿದ್ದ ಎರಡನೆಯ ನಾಗವರ್ಮ ಸಂಸ್ಕೃತ ಮಾತುಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ವಸ್ತುಕೋಶ ಕಟ್ಟಿ, ಅದರಲ್ಲಿ ನಾನಾರ್ಥಗಳಿಗೆ ಬೇರೆ ಭಾಗವನ್ನೇ ಇಟ್ಟ. ಒಂದೇ ಮಾತು ಹಲವು ಅರ್ಥಕ್ಕೆ ನಿಂತಾಗ ಓದುವವನು ಎಡವದಿರಲಿ ಎಂಬ ಕಾಳಜಿ ಅದು. ಈ ಕಲ್ಯಾಣದಿಂದ ಆಳಿದ ಮನೆತನದ ಉಪಾಧ್ಯಾಯ ಅವನು ಎಂಬುದನ್ನು ನಮ್ಮ ಇಂಗ್ಲಿಷ್ ಶಿಕ್ಷಕರು ಸ್ವಲ್ಪ ಹೆಮ್ಮೆಯಿಂದಲೇ ನೆನೆಯಬಹುದು.

ಕೊನೆಗೆ ಏನಾಯಿತು? ದನಿ ಹೋಯಿತು, ಅದರ ಹಿಂದೆ ಅಕ್ಷರವೂ ಹೋಯಿತು. ಈಗ ಬದುಕಿಗೂ ಕತ್ತಿಗೂ ಒಂದೇ ಳ ಸಾಕಾಗಿದೆ.

ನಮ್ಮ ಅಜ್ಜಂದಿರಿಗೆ ಇನ್ನೊಂದು ದಾರಿಯೂ ಗೊತ್ತಿತ್ತು. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮನ ರಾಜ್ಯ, ಕಚೇರಿಯ ಭಾಷೆ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲೇ ಕೊಟ್ಟಿತು, ಜೊತೆಗೆ ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿ ಇಟ್ಟಿತ್ತು. ಉರ್ದುವಿನಲ್ಲಿ ಜ಼ ಎಂಬ ಒಂದು ದನಿಗೆ ನಾಲ್ಕು ಅಕ್ಷರ, ಸ ಎಂಬುದಕ್ಕೆ ಮೂರು. ಅರಬ್ಬಿಯಲ್ಲಿ ಅವುಗಳ ದನಿ ಬೇರೆ ಬೇರೆ. ಉರ್ದುವಿಗೆ ಬರುವಾಗ ದನಿ ಒಂದಾಯಿತು, ಅಕ್ಷರಗಳು ಬೇರೆಯಾಗಿಯೇ ಉಳಿದವು. ಬೀದರ್ ಕೋಟೆಯ ದಿವಾನ್-ಎ-ಆಮ್‌ನಲ್ಲಿರುವ ಆಮ್, ತಿನ್ನುವ ಮಾವಿನ ಆಮ್, ಎರಡೂ ನಮ್ಮ ಕಿವಿಗೆ ಒಂದೇ. ಉರ್ದು ಓದಿದವನು ಬರೆಯುವಾಗ ಜನಸಾಮಾನ್ಯರ ಆಮ್ ಅನ್ನು ಐನ್ ಅಕ್ಷರದಿಂದ, ಮಾವನ್ನು ಅಲಿಫ್‌ನಿಂದ ಶುರು ಮಾಡುತ್ತಾನೆ. ನೋಟ ಎಂಬರ್ಥದ ನಜ಼ರಿಗೂ ದೊರೆಗೆ ಒಪ್ಪಿಸುವ ನಜ಼ರಾನೆಯ ನಜ಼್ರಿಗೂ ಹೀಗೆಯೇ ನಡುವಿನ ಅಕ್ಷರ ಬೇರೆ. ಹಳೆಯ ಉರ್ದು ಶಾಲೆಯಲ್ಲಿ ಓದಿದ ಹಿರಿಯರು ಇಂಗ್ಲಿಷ್ ಕಾಗುಣಿತದಲ್ಲಿ ಗಟ್ಟಿಯಾಗಿರುತ್ತಿದ್ದುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ. ಕಿವಿ ಒಂದು ಹೇಳಿದರೂ ಕೈ ಬೇರೆ ಬರೆಯಬೇಕಾಗುತ್ತದೆ ಎಂಬ ಶಿಸ್ತು ಅವರಿಗೆ ಮೊದಲೇ ಇತ್ತು.

ಇಂಗ್ಲಿಷ್ ಈ ಎರಡನೆಯ ಜಾತಿಯ ಭಾಷೆ. ನೈಟ್ ಎಂದರೆ ರಾತ್ರಿ, ನೈಟ್ ಎಂದರೆ ಕುದುರೆ ಏರಿದ ವೀರ. ವೀರನ ಮುಂದೆ ಒಂದು ಕೆ ಸುಮ್ಮನೆ ನಿಂತಿದೆ. ಅದು ಸುಮ್ಮನೆ ಬಂದದ್ದಲ್ಲ, ಹಿಂದೊಮ್ಮೆ ಇಂಗ್ಲಿಷರು ಅದನ್ನು ಉಚ್ಚರಿಸುತ್ತಿದ್ದರು. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಕೂಟ ತಂದ. ಮುಂದೆ ಅಚ್ಚಿನವರ ಕೈಯಲ್ಲಿ ಕಾಗುಣಿತ ಗಟ್ಟಿಯಾಗುತ್ತ ಹೋಯಿತು. ಆದರೆ ಜನರ ನಾಲಗೆ ನಿಲ್ಲಲಿಲ್ಲ. ಅದೇ ಶತಮಾನಗಳಲ್ಲಿ ಅವರ ದೀರ್ಘ ಸ್ವರಗಳು ಒಂದೊಂದಾಗಿ ಜಾಗ ಬದಲಿಸಿದವು. ಮಾಂಸದ ಮೀಟ್, ಭೇಟಿಯ ಮೀಟ್, ಕಡಲಿನ ಸೀ, ನೋಡುವ ಸೀ ಇವೆಲ್ಲ ಹಿಂದೆ ಕೇಳುವುದಕ್ಕೂ ಬೇರೆ ಬೇರೆಯಾಗಿದ್ದವು. ದನಿ ಸತ್ತ ಮೇಲೂ ಅಕ್ಷರ ಉಳಿದದ್ದು, ಸತ್ತವರ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದಂತೆ. ಕಾರ್ಡಿನಲ್ಲಿ ಅದು ತಪ್ಪು. ಇಲ್ಲಿ ಅದರಿಂದ ಉಪಕಾರವಾಗಿದೆ. ಕಿವಿಗೆ ಸಿಗದ ಫರಕ್ ಕಣ್ಣಿಗೆ ಸಿಗುತ್ತದೆ.

ಇನ್ನು ನಿತ್ಯ ಕಾಣುವ ಕೆಲವು ಜೋಡಿಗಳು. ಪುಸ್ತಕದ ಅಂಗಡಿಯ ಸ್ಟೇಷನರಿ, ನಿಂತ ಗಾಡಿಯ ಸ್ಟೇಷನರಿ: ಅಂಗಡಿಯದರಲ್ಲಿ ಇ-ಆರ್-ವೈ, ನಿಂತದ್ದರಲ್ಲಿ ಎ-ಆರ್-ವೈ. ಎರಡರ ಮೂಲ ಒಂದೇ ಎಂಬುದು ಸ್ವಾರಸ್ಯ. ಮಧ್ಯಯುಗದ ಯುರೋಪಿನಲ್ಲಿ ಬಹುತೇಕ ವ್ಯಾಪಾರಿಗಳು ಸಂತೆಯಿಂದ ಸಂತೆಗೆ ಗಂಟು ಹೊತ್ತು ತಿರುಗುವವರು. ವಿಶ್ವವಿದ್ಯಾಲಯಗಳ ಬಳಿ ಒಂದೇ ಜಾಗದಲ್ಲಿ ಅಂಗಡಿ ಹೂಡಿ ಪುಸ್ತಕ ಮಾರುವವನು ಮಾತ್ರ ನಿಂತವನು, ಅಂದರೆ ಸ್ಟೇಷನರ್. ಅವನು ಮಾರಿದ ಸಾಮಾನು ಸ್ಟೇಷನರಿ. ಸ್ಟೇಷನರ್ ಎಂಬ ವ್ಯಾಪಾರಿಯನ್ನು ನೆನೆದರೆ ಅವನ ಇ-ಆರ್ ತಾನಾಗಿ ಬರುತ್ತದೆ. ನಮ್ಮ ವಾರದ ಸಂತೆಗೂ ಕಾಯಂ ಅಂಗಡಿಗೂ ಇರುವ ಫರಕ್ ಆ ಮಾತಿನೊಳಗೆ ಅಡಗಿದೆ.

ಪ್ರಿನ್ಸಿಪಲ್ ಎಂಬುದು ಬ್ಯಾಂಕಿನಲ್ಲಿ ಸಾಲದ ಅಸಲು, ಕಾಲೇಜಿನಲ್ಲಿ ಪ್ರಾಚಾರ್ಯರು. ಎರಡಕ್ಕೂ ಕೊನೆಗೆ ಪಿ-ಎ-ಎಲ್, ಏಕೆಂದರೆ ಎರಡೂ ಮುಖ್ಯವಾದದ್ದು ಎಂಬ ಒಂದೇ ಮಾತು. ತತ್ವ ಎಂಬರ್ಥದ್ದಕ್ಕೆ ಪಿ-ಎಲ್-ಇ. ಪ್ರಾಚಾರ್ಯರು ನಿಮ್ಮ ಗೆಳೆಯ, ಗೆಳೆಯನಿಗೆ ಪ್ಯಾಲ್ ಎನ್ನುತ್ತಾರೆ ಎಂಬ ಸೂತ್ರವನ್ನು ಇಂಗ್ಲಿಷ್ ಪುಸ್ತಕಗಳು ಕಲಿಸುತ್ತವೆ. ನಮ್ಮ ಮಕ್ಕಳಿಗೆ ಆ ಪ್ಯಾಲೂ ಗೊತ್ತಿಲ್ಲ, ಪ್ರಾಚಾರ್ಯರು ಗೆಳೆಯರೆಂಬ ನಂಬಿಕೆಯೂ ಇಲ್ಲ. ನಾನು ಅಸಲಿನ ಅ ಹಿಡಿದುಕೊಳ್ಳಿ ಎನ್ನುತ್ತೇನೆ: ಅಸಲಿಗೆ ಎ ಬೇಕು.

ಮದುವೆ ಕಾರ್ಡಿನ ಕೆಳಗೆ ಬಂಧುಮಿತ್ರರ ಹೆಸರಿನ ಮೇಲೆ ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್ ಎಂದು ಅಚ್ಚಾಗುತ್ತದೆ. ಅಲ್ಲಿ ನಡುವೆ ಐ ಇರಬೇಕು; ಹಾಗಿದ್ದರೆ ಅದು ಶುಭಾಶಯ, ಮೆಚ್ಚುಗೆ. ಇ ಆದರೆ ಒಂದಕ್ಕೊಂದು ಪೂರಕವಾದದ್ದು. ವಧೂವರರು ಪರಸ್ಪರ ಪೂರಕ ಎಂದು ಹೇಳುವುದಿದ್ದರೆ ಇ ಬಳಸಬಹುದು, ಆದರೆ ಅದನ್ನು ಮಾವಂದಿರ ಹೆಸರಿನ ಮೇಲೆ ಹಾಕಲಾಗದು. ಚುನಾವಣೆ ಬಂದಾಗ ಮನೆಮನೆಗೆ ಹೋಗಿ ಮಾಡುವ ಕ್ಯಾನ್ವಾಸಿಗೆ ಕೊನೆಗೆ ಎರಡು ಎಸ್, ಡೇರೆಯ ಮತ್ತು ಬೂಟಿನ ಬಟ್ಟೆಗೆ ಒಂದು. ಕೌನ್ಸಿಲ್ ಎಂದರೆ ವಿಧಾನ ಪರಿಷತ್ತು, ಪುರಸಭೆಯಂಥ ಸಭೆ, ಅದರಲ್ಲಿ ಸಿ-ಐ-ಎಲ್. ವಕೀಲರನ್ನೂ ಸಲಹೆಯನ್ನೂ ಹೇಳುವ ಕೌನ್ಸೆಲ್‌ನಲ್ಲಿ ಎಸ್-ಇ-ಎಲ್. ಶಿಕ್ಷಕರ ವರ್ಗಾವಣೆಗೆ ನಡೆಯುವ ಕೌನ್ಸೆಲಿಂಗ್ ಈ ಎರಡನೆಯದರ ಮಗಳು. ಅಲ್ಲಿ ಸಲಹೆ ಎಷ್ಟು ಸಿಗುತ್ತದೆ ಎಂಬುದನ್ನು ಇಲ್ಲಿ ಕೂತವರೇ ನನಗಿಂತ ಚೆನ್ನಾಗಿ ಬಲ್ಲಿರಿ.

ಒಂದು ಮಾತಿನ ಹತ್ತಿರ ಮಾತ್ರ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಅದು ಈ ಊರಿನದು. ಮನೆಯ ಹಿರಿಯರು ತೀರಿಕೊಂಡರೆ ಹೊಲ ಹೆಸರಿಗೆ ಮಾಡಿಸಲು ವಾರಸಾ ಕಾಗದ ಬೇಕು. ತಹಶೀಲ್ ಕಚೇರಿಯ ಹೊರಗೆ ಅರ್ಜಿ ಬರೆಸುವಾಗ ಕೆಲವರು ಲೀಗಲ್ ಹೈರ್ ಎನ್ನುತ್ತಾರೆ, ಕೆಲವರು ಲೀಗಲ್ ಹೇರ್ ಎನ್ನುತ್ತಾರೆ. ಹೈರ್ ಎಂದರೆ ಬಾಡಿಗೆಗೆ ಪಡೆಯುವುದು, ಹೇರ್ ಎಂದರೆ ಕೂದಲು. ವಾರಸುದಾರ ಎಂಬರ್ಥದ ಇಂಗ್ಲಿಷ್ ಮಾತು ಎಚ್‌ನಿಂದ ಶುರುವಾದರೂ ಆ ಎಚ್ ಮೂಕ. ಹೇಳಬೇಕಾದ್ದು ಏರ್, ಉಸಿರಾಡುವ ಏರಿನ ಹಾಗೆಯೇ. ಅವರ್, ಆನೆಸ್ಟ್ ಎಂಬಲ್ಲೂ ಎಚ್ ಹೀಗೆ ಬಾಯಿ ಮುಚ್ಚಿಕೊಂಡಿದೆ. ವಿಚಿತ್ರವೆಂದರೆ ಅದೇ ಬೇರಿನ ಇನ್‌ಹೆರಿಟ್ ಎಂಬ ಮಾತಿನಲ್ಲಿ ಎಚ್ ಬಾಯಿ ಬಿಡುತ್ತದೆ. ಅರ್ಜಿಯಲ್ಲಿ ಹೇರ್ ಎಂದು ಕೂದಲಿನ ಕಾಗುಣಿತ ಬಿದ್ದರೆ ಗುಮಾಸ್ತ ನಕ್ಕು ತಿದ್ದಬಹುದು, ತಿದ್ದದೆ ಅರ್ಜಿಯನ್ನು ವಾಪಸೂ ಕಳಿಸಬಹುದು.

ವಾರಸುದಾರ ಯಾರು ಎಂಬ ಪ್ರಶ್ನೆಗೆ ದೇಶದ ಬಹುಭಾಗ ಶತಮಾನಗಳ ಕಾಲ ನಂಬಿದ ಉತ್ತರ ಬರೆದದ್ದು ಇದೇ ಕಲ್ಯಾಣದಲ್ಲಿ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಅದರ ತಿರುಳಿನಲ್ಲಿ ಒಂದು ಮಾತಿನ ಜಗಳವಿದೆ. ಆಸ್ತಿ ಸಪಿಂಡರಿಗೆ ಹೋಗಬೇಕು ಎಂದು ಎಲ್ಲರೂ ಒಪ್ಪುತ್ತಾರೆ. ಪಿಂಡ ಎಂದರೇನು? ಶ್ರಾದ್ಧದಲ್ಲಿಡುವ ಅನ್ನದ ಉಂಡೆ ಎಂದುಕೊಂಡರೆ, ಪಿಂಡ ಇಡುವ ಅಧಿಕಾರ ಯಾರಿಗೋ ಆಸ್ತಿ ಅವರಿಗೆ. ಬಂಗಾಳದಲ್ಲಿ ನಡೆದ ಜೀಮೂತವಾಹನನ ದಾಯಭಾಗ ಈ ದಾರಿ ಹಿಡಿಯಿತು. ವಿಜ್ಞಾನೇಶ್ವರ ಒಪ್ಪಲಿಲ್ಲ. ಪಿಂಡ ಎಂದರೆ ಶರೀರ. ಒಂದೇ ಶರೀರದ ಅಂಶ ಹಂಚಿಕೊಂಡವರು ಸಪಿಂಡರು, ಹಾಗಾಗಿ ರಕ್ತದ ಸಾಮೀಪ್ಯವೇ ಅಳತೆ ಎಂದ. ದನಿ ಒಂದೇ, ಅಕ್ಷರವೂ ಒಂದೇ, ಅರ್ಥ ಎರಡು. ಆ ಎರಡು ಅರ್ಥಕ್ಕೆ ತಕ್ಕಂತೆ ದೇಶದಲ್ಲಿ ಹೊಲಮನೆ ಹಂಚುವ ಎರಡು ಪಂಥಗಳೇ ನಿಂತವು. 1810ರಲ್ಲಿ ಕೋಲ್‌ಬ್ರೂಕ್ ಜೀಮೂತವಾಹನನ ದಾಯಭಾಗವನ್ನೂ ಮಿತಾಕ್ಷರಾದ ವಾರಸಿನ ಭಾಗವನ್ನೂ ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ಕೋರ್ಟುಗಳು ಅವನ್ನೇ ಮುಂದಿಟ್ಟುಕೊಂಡು ತೀರ್ಪು ಕೊಟ್ಟವು. ಮಾತಿನ ಫರಕ್ ಹುಡುಕುವುದು ಪರೀಕ್ಷೆಯ ಎರಡು ಅಂಕದ ಕೆಲಸ ಎಂದು ಮಕ್ಕಳು ಹೇಳಿದರೆ ಈ ಕಥೆ ಹೇಳಿ.

ಇಲ್ಲಿಯವರೆಗೆ ಕಿವಿಗೆ ಸಿಗದ ಫರಕ್‌ಗಳನ್ನು ಹೇಳಿದೆ. ಇನ್ನು ಕೆಲವು ಇಂಗ್ಲಿಷರ ಕಿವಿಗೆ ಸಿಗುತ್ತವೆ, ನಮಗೆ ಸಿಗುವುದಿಲ್ಲ. ಸಲಹೆ ಎಂಬ ಅಡ್ವೈಸ್ ಸ ದನಿಯಲ್ಲಿ, ಸಲಹೆ ಕೊಡು ಎಂಬ ಅಡ್ವೈಜ಼್ ಜ಼ ದನಿಯಲ್ಲಿ ಮುಗಿಯುತ್ತದೆ. ಬೆಲೆಯ ಪ್ರೈಸ್, ಬಹುಮಾನದ ಪ್ರೈಜ಼್. ಸಡಿಲದ ಲೂಸ್, ಕಳೆದುಕೊಳ್ಳುವ ಲೂಜ಼್. ಅಚ್ಚಕನ್ನಡದ ಕಿವಿಗೆ ಈ ಜ಼ ಹೊಸದು. ಆದರೆ ನಮ್ಮ ಓಣಿಗಳಲ್ಲಿ ಉರ್ದು ಕೇಳುತ್ತ ಬೆಳೆದ ಮಗುವಿಗೆ ಅದು ಹಾಲು ಕುಡಿಯುವಾಗಲೇ ಬಂದಿರುತ್ತದೆ. ತರಗತಿಯಲ್ಲಿ ಉರ್ದು ಮನೆಮಾತಿನ ಮಕ್ಕಳಿದ್ದರೆ ಈ ಪಾಠವನ್ನು ಅವರಿಂದ ಓದಿಸಿ, ಉಳಿದವರು ಕೇಳಲಿ. ಫ ದನಿಯಲ್ಲೂ ಅವರೇ ಮುಂದು. ಕುಡಿಯುವ ಕಾಫಿಯನ್ನು ಕಾಪಿ ಎನ್ನುವ ಹಳ್ಳಿಯ ಹುಡುಗನಿಗೆ ಪರೀಕ್ಷೆಯಲ್ಲಿ ಹೊಡೆಯುವ ಕಾಪಿಯೂ ಅದೇ. ಆದರೆ ಉರ್ದುವೂ ಕೈಕೊಡುವ ಒಂದು ಜಾಗವಿದೆ. ಇಂಗ್ಲಿಷಿನ ವಿ ಮತ್ತು ಡಬ್ಲ್ಯು ಎರಡಕ್ಕೂ ಕನ್ನಡಕ್ಕೆ ಒಂದು ವ, ಉರ್ದುವಿಗೆ ಒಂದು ವಾವ್. ಪಶ್ಚಿಮದ ವೆಸ್ಟ್, ಒಳಅಂಗಿಯ ವೆಸ್ಟ್ ನಮ್ಮೆಲ್ಲರ ಬಾಯಲ್ಲೂ ಒಂದೇ. ಹಲ್ಲು ತುಟಿಗೆ ತಾಗಿದರೆ ವಿ, ತುಟಿ ಎರಡೂ ದುಂಡಗಾಗಿ ಹಲ್ಲು ದೂರ ಉಳಿದರೆ ಡಬ್ಲ್ಯು. ಇದನ್ನು ಕನ್ನಡಿ ಹಿಡಿದೇ ಕಲಿಯಬೇಕು.

ತಪ್ಪಿಗೆ ನಗುವುದರ ಬಗ್ಗೆ ಒಂದು ಮಾತು. ಹೋಟೆಲಿನ ಫಲಕದಲ್ಲಿ ಸ್ನ್ಯಾಕ್ಸ್ ಎನ್ನುವಲ್ಲಿ ಸ್ನೇಕ್ಸ್ ಎಂದು ಬರೆದದ್ದರ ಫೋಟೊ ತೆಗೆದು ಮೊಬೈಲಿನಲ್ಲಿ ಹಂಚುವ ಚಟ ನಮಗಿದೆ. ಹಾವು ಸಿಗುತ್ತದೆಂದು ಅಲ್ಲಿಗೆ ಯಾರೂ ಹೋಗಲಿಲ್ಲ. ಇಂಗ್ಲಿಷರ ಕಿವಿಯೂ ಹೀಗೆಯೇ ಎಡವಿದೆ. ಮೊಹರಂ ಮೆರವಣಿಗೆಯಲ್ಲಿ ಯಾ ಹಸನ್, ಯಾ ಹುಸೇನ್ ಎಂಬ ಕೂಗು ಬ್ರಿಟಿಷ್ ಸಿಪಾಯಿಗಳಿಗೆ ಹಾಬ್ಸನ್-ಜಾಬ್ಸನ್ ಎಂದು ಕೇಳಿಸಿತು. ಯೂಲ್ ಮತ್ತು ಬರ್ನೆಲ್ ಸಿದ್ಧಪಡಿಸಿ 1886ರಲ್ಲಿ ಅಚ್ಚಾದ, ಭಾರತದ ಮಾತುಗಳ ಹೆಸರಾಂತ ನಿಘಂಟಿಗೆ ಆ ತಪ್ಪನ್ನೇ ಹೆಸರಾಗಿ ಇಟ್ಟರು. ಕಾಳಿನ ಗ್ರಾಮ್ ಕೂಡ ಆ ನಿಘಂಟಿನಲ್ಲಿ ಸಿಗುತ್ತದೆ.

ನಗಬಾರದ ಕಡೆ ಒಂದಿದೆ: ಮೆಡಿಕಲ್ ಅಂಗಡಿ. ಹೈಡ್ರಾಲಜೀನ್ ರಕ್ತದೊತ್ತಡ ಇಳಿಸುವ ಔಷಧ, ಹೈಡ್ರಾಕ್ಸಿಜೀನ್ ತುರಿಕೆಗೆ, ಆತಂಕಕ್ಕೆ ಕೊಡುವ ಔಷಧ. ಅವಸರದ ಕೈಬರಹದಲ್ಲಿ, ಫೋನಿನಲ್ಲಿ ಕೂಗಿ ಹೇಳಿದಾಗ ಎರಡೂ ಒಂದಾಗಿಬಿಡುತ್ತವೆ. ಇಂಥ ಹೆಸರುಗಳಲ್ಲಿ ಬೇರೆಯಾಗುವ ಭಾಗವನ್ನಷ್ಟೇ ದೊಡ್ಡಕ್ಷರದಲ್ಲಿ ಅಚ್ಚು ಹಾಕುವ ಕ್ರಮವನ್ನು ಅಮೆರಿಕದವರು ರೂಢಿಗೆ ತಂದಿದ್ದಾರೆ. ನಮ್ಮಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ತನ್ನ ನಿಯಮ ತಿದ್ದಿ, ವೈದ್ಯರು ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕು ಎಂದಿತು. ಚೀಟಿ ಓದಲು ಬಾರದಿದ್ದರೆ ಊಹಿಸಬೇಡಿ, ತಿರುಗಿ ಹೋಗಿ ಕೇಳಿ. ಗುಳಿಗೆಯ ಪಟ್ಟಿಯ ಮೇಲಿನ ಹೆಸರನ್ನು ಚೀಟಿಯ ಜೊತೆ ಅಕ್ಷರ ಅಕ್ಷರ ಹೋಲಿಸುವುದನ್ನು ಏಳನೆಯ ತರಗತಿಯ ಮಗುವೂ ಮಾಡಬಲ್ಲದು, ಅಜ್ಜಿಗೆ ಅದು ದೊಡ್ಡ ಸಹಾಯ.

ಶಿಕ್ಷಕರಿಗೆ ಒಂದು ಬಿನ್ನಹ. 2007-08ರಿಂದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ. ಈ ಜೋಡಿಗಳನ್ನು ನಾವು ಕಲಿಸುವ ರೀತಿ ಮಾತ್ರ ಹಳೆಯದು: ಕರಿಹಲಗೆಯ ಎಡಕ್ಕೊಂದು, ಬಲಕ್ಕೊಂದು ಬರೆದು ನಡುವೆ ಗೆರೆ ಎಳೆಯುತ್ತೇವೆ. ಇವೆರಡರಲ್ಲಿ ಏನೋ ಗೋಳಿದೆ ಎಂಬುದಷ್ಟೇ ಮಗುವಿಗೆ ಮರುದಿನ ನೆನಪಿರುತ್ತದೆ, ಯಾವುದು ಯಾವುದೆಂಬುದು ಇರುವುದಿಲ್ಲ. ಜೋಡಿಯನ್ನು ಒಟ್ಟಿಗೆ ಕಲಿಸಬೇಡಿ. ಮಗುವಿಗೆ ಆಗಲೇ ಗೊತ್ತಿರುವುದನ್ನು ಮೊದಲು ಎತ್ತಿಕೊಳ್ಳಿ. ಲೂಸ್ ಎಣ್ಣೆ, ಲೂಸ್ ಮೋಷನ್, ಲೂಸ್ ಆದ ಗುಂಡಿ ಇವೆಲ್ಲ ನಮ್ಮ ಮಕ್ಕಳ ಬಾಯಲ್ಲಿವೆ. ಅದಕ್ಕೆ ಎರಡು ಓ ಎಂದು ಒಂದು ತಿಂಗಳು ಬರೆಸಿ, ಕೈಗೆ ಹತ್ತಲಿ. ಆಮೇಲೆ ಒಂದು ಓ ಇರುವ ಲೂಜ಼್ ಬರಲಿ, ಆದರೆ ಒಂಟಿಯಾಗಿ ಬೇಡ. ಮ್ಯಾಚ್, ಹಣ, ತೂಕ, ದಾರಿ ಎಂಬ ತನ್ನ ನೆರೆಯವರ ಜೊತೆ ವಾಕ್ಯದಲ್ಲಿ ಬರಲಿ. ನಾನು ಮೊದಲೇ ಹೇಳಿದ ನೆರೆಯವರು ಇವರೇ. ಮಕ್ಕಳ ಕನ್ನಡ ಟಿಪ್ಪಣಿಯಲ್ಲೂ ಇಂಗ್ಲಿಷ್ ಮಾತು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಉಚ್ಚಾರಕ್ಕೆಂದು ಅದರ ಮೇಲೆ ಕನ್ನಡದಲ್ಲಿ ಬರೆದುಕೊಂಡ ಮಗು ಪರೀಕ್ಷೆಯ ಹಿಂದಿನ ರಾತ್ರಿ ಕನ್ನಡವನ್ನಷ್ಟೇ ಓದಿಕೊಂಡು ಬರುತ್ತದೆ.

ಚೀಟಿಯಲ್ಲಿ ಒಂದು ಪ್ರಶ್ನೆ ಬಂದಿದೆ: ಪ್ರಾಕ್ಟಿಸ್ ಎಂಬುದರ ಕೊನೆಗೆ ಸಿ ಬರೆಯಬೇಕೋ ಎಸ್ ಬರೆಯಬೇಕೋ? ಬ್ರಿಟಿಷ್ ಪದ್ಧತಿಯಲ್ಲಿ ನಾಮಪದಕ್ಕೆ ಸಿ,​ ಕ್ರಿಯಾಪದಕ್ಕೆ ಎಸ್. ಲೈಸೆನ್ಸಿಗೂ ಇದೇ ನಿಯಮ. ಈ ಎರಡರಲ್ಲೂ ದನಿ ಒಂದೇ ಆದ್ದರಿಂದ ಕಿವಿ ಸಹಾಯ ಮಾಡುವುದಿಲ್ಲ. ಆಗಲೇ ಹೇಳಿದ ಅಡ್ವೈಸ್, ಅಡ್ವೈಜ಼್ ಜೋಡಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ, ಅಲ್ಲಿ ನಾಮಪದಕ್ಕೆ ಸಿ ಎಂಬುದು ಕೇಳಿದರೇ ತಿಳಿಯುತ್ತದೆ. ಕಿಸೆಯಲ್ಲಿ ಡ್ರೈವಿಂಗ್ ಲೈಸೆನ್ಸ್ ಇದ್ದವರು ತೆಗೆದು ನೋಡಿ, ನಡುವೆ ಒಂದು ಸಿ, ಕೊನೆಯಲ್ಲೂ ಒಂದು ಸಿ ಇದೆ. ಅಮೆರಿಕದವರು ನಾಮಪದ, ಕ್ರಿಯಾಪದ ಎಂಬ ಭೇದ ಬಿಟ್ಟು ಪ್ರಾಕ್ಟಿಸಿಗೆ ಸಿ, ಲೈಸೆನ್ಸಿಗೆ ಎಸ್ ಎಂದು ಮುಗಿಸಿದ್ದಾರೆ. ನೀವು ಸರಿಯಾಗಿ ಬರೆದರೂ ಮೊಬೈಲು ಕೆಂಪು ಗೆರೆ ಎಳೆದರೆ ಅದು ಅಮೆರಿಕದ ಇಂಗ್ಲಿಷಿಗೆ ಹೊಂದಿಕೊಂಡಿದೆ ಎಂದರ್ಥ. ಸೆಟ್ಟಿಂಗಿನಲ್ಲಿ ಭಾಷೆ ಎಂಬಲ್ಲಿಗೆ ಹೋಗಿ ಭಾರತದ ಇಂಗ್ಲಿಷನ್ನು ಆರಿಸಿಕೊಳ್ಳಿ.